ಹಾರ್ವೆಸ್ಟ್‌ಮನ್ ನೋಡುವುದು, ಫೋಟೋ ತೆಗೆಯುವುದು: ದುರ್ಗದ ಬಂಡೆಗೂ ಚನ್ನಗಿರಿಯ ತೋಟಕ್ಕೂ ಹೊಂದುವ ಸಮಗ್ರ ಮಾರ್ಗದರ್ಶಿ

ಹಾರ್ವೆಸ್ಟ್‌ಮನ್ ಎಂದರೆ ಜೇಡದ ದೂರದ ನೆಂಟ: ಎಂಟು ಕಾಲಿನ, ಹೆಚ್ಚಾಗಿ ಎಳೆಯಂಥ ಉದ್ದ ಕಾಲಿನ, ಬಲೆ ನೇಯದ ಸಣ್ಣ ಪ್ರಾಣಿ. ಅದರ ಗುರುತು ಹೇಳಿ ಎಂದು ಓದುಗರು ಕಳಿಸುವ ಚಿತ್ರಗಳಲ್ಲಿ ಮೂರು ತಪ್ಪುಗಳು ಮತ್ತೆ ಮತ್ತೆ ಕಾಣುತ್ತವೆ. ಮೊದಲನೆಯದು, ಮನೆಯ ಮೂಲೆಯ ಬಲೆಯಲ್ಲಿ ತಲೆಕೆಳಗಾಗಿ ನೇತಾಡುವ ಜೇಡವನ್ನೇ ಹಾರ್ವೆಸ್ಟ್‌ಮನ್ ಎಂದುಕೊಂಡಿರುವುದು. ಎರಡನೆಯದು, ಕಾಲುಗಳೆಲ್ಲ ಕೂದಲೆಳೆಯಷ್ಟು ಸ್ಪಷ್ಟ, ಮೈ ಮಾತ್ರ ಮಸುಕು. ಮೂರನೆಯದು ನೋಡಲು ಚೆಂದದ ಚಿತ್ರ, ಆದರೆ ಪ್ರಾಣಿಗೆ ಆರೇ ಕಾಲು. ಕಳಚಿದ ಕಾಲು ಪಕ್ಕದ ಕಲ್ಲಿನ ಮೇಲೆ ಬಿದ್ದಿದೆ. ಮೂರಕ್ಕೂ ಬೇರು ಒಂದೇ. ಕಣ್ಣು ಕೆಲಸ ಮುಗಿಸುವ ಮೊದಲೇ ಕ್ಯಾಮೆರಾ ಹೊರಬಂದಿರುತ್ತದೆ. ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಕ್ಯಾಮೆರಾ ಏಳನೇ ಹಂತಕ್ಕೆ ಬರುತ್ತದೆ, ಅದಕ್ಕೂ ಮುಂಚೆ ಬೇಡ.

## ಹಂತ 1: ಕಾಲ ಮತ್ತು ಜಾಗ ಆರಿಸಿಕೊಳ್ಳಿ

ಈ ಪ್ರಾಣಿಯ ಮೈಯಿಂದ ನೀರಿನಂಶ ಬೇಗ ಆರಿಹೋಗುತ್ತದೆ. ಹಾಗಾಗಿ ಬಿಸಿಲಿಗೆ ಹೊರಬರುವುದಿಲ್ಲ, ಒಣಗಾಳಿಯಲ್ಲಿ ನಿಲ್ಲುವುದಿಲ್ಲ. ನಮ್ಮದು ಬಯಲುಸೀಮೆ, ಕೊಡಗಿನಲ್ಲೋ ಮಲೆನಾಡಿನಲ್ಲೋ ಹುಡುಕಿದಂತೆ ಎಲ್ಲೆಂದರಲ್ಲಿ ಹುಡುಕಿದರೆ ಸಿಗದು. ಇಲ್ಲಿ ತಂಪು ಎಲ್ಲಿ ಉಳಿದಿದೆ ಎಂದು ಮೊದಲು ಹುಡುಕಬೇಕು, ಪ್ರಾಣಿಯನ್ನು ಆಮೇಲೆ.

ಮಘೆ ಮಳೆಯಿಂದ ಸ್ವಾತಿ ಮಳೆಯವರೆಗೆ, ಅಂದರೆ ಆಗಸ್ಟ್ ನಡುವಿನಿಂದ ನವೆಂಬರ್ ಮೊದಲ ವಾರದವರೆಗೆ, ಒಳ್ಳೆಯ ಕಾಲ. ಅದರಲ್ಲೂ ಒಂದು ಹದಮಳೆ ಬಿದ್ದು ಒಂದೆರಡು ದಿನ ಮೋಡ ಕವಿದಿದ್ದರೆ ಆ ಸಂಜೆಯನ್ನು ಬಿಡಬೇಡಿ. ಮಳೆ ಸುರಿಯುತ್ತಿರುವಾಗ ಹೋಗಿ ಪ್ರಯೋಜನವಿಲ್ಲ. ಬೇಸಿಗೆಯಲ್ಲಿ ಹುಡುಕಲೇಬೇಕೆಂದಿದ್ದರೆ ದೊಡ್ಡ ಬಂಡೆಗಳ ಆಳವಾದ ಸಂದು ಮತ್ತು ನೀರು ಹಾಯಿಸುವ ತೋಟ, ಇವೆರಡೇ ದಾರಿ.

ಚಿತ್ರದುರ್ಗದ ಕಡೆಯವರಿಗೆ ಬಂಡೆಗಳಿವೆ. ಕೋಟೆ, ಚಂದ್ರವಳ್ಳಿ, ಜೋಗಿಮಟ್ಟಿ, ಎಲ್ಲ ಕಡೆಯೂ ಒಂದರ ಮೇಲೊಂದು ಒರಗಿದ ಬಂಡೆಗಳ ನಡುವೆ ಬಿಸಿಲು ತಾಗದ ಗೋಡೆಗಳು ಸಿಗುತ್ತವೆ. ಎಲ್ಲ ಬಂಡೆಯೂ ಒಂದೇ ಅಲ್ಲ. ಹಾವಸೆ ಹಿಡಿದಿರುವುದು, ಸಣ್ಣ ಜರಿಗಿಡ ಚಿಗುರಿರುವುದು, ನೀರು ಒಸರಿದ ಕಪ್ಪು ಗೆರೆ ಇರುವುದು, ಈ ಮೂರರಲ್ಲಿ ಒಂದಾದರೂ ಕಂಡರೆ ಅಲ್ಲಿ ನಿಲ್ಲಿ. ಕೈ ಹಿಂಬದಿಯನ್ನು ಬಂಡೆಯ ಹತ್ತಿರ ಒಯ್ದಾಗ ತಣ್ಣಗೆ ಅನ್ನಿಸಬೇಕು.

ದಾವಣಗೆರೆ ಕಡೆಯವರಿಗೆ ಅಡಿಕೆ ತೋಟವೇ ವಾಸಿ. ಚನ್ನಗಿರಿ, ಹೊನ್ನಾಳಿ ಸುತ್ತಿನ ತೋಟಗಳಲ್ಲಿ ಬಿದ್ದ ಸೋಗೆ, ಹಾಳೆ, ಬಸಿಗಾಲುವೆಯ ಅಂಚು ವರ್ಷದ ಹೆಚ್ಚು ಕಾಲ ತೇವವಾಗಿರುತ್ತವೆ. ವೀಳ್ಯದೆಲೆ ಬಳ್ಳಿ ಹಬ್ಬಿಸಿದ ತೋಟವಾದರೆ ಇನ್ನೂ ಒಳ್ಳೆಯದು. ಹರಿಹರ ತಾಲ್ಲೂಕಿನ ಕೊಂಡಜ್ಜಿಯ ಕುರುಚಲು ಗುಡ್ಡದಲ್ಲಿ ಮಳೆಗಾಲ ಬಿಟ್ಟು ಬೇರೆ ಕಾಲದಲ್ಲಿ ಅಲೆದರೆ ಬರಿಗೈಯೇ ಗತಿ ಎಂದು ನನ್ನ ಅನಿಸಿಕೆ. ಕೆರೆ ಪಕ್ಕದ ನೆರಳು ಮಾತ್ರ ನೋಡಿ.

## ಹಂತ 2: ಸಾಮಾನು ಜೋಡಿಸಿಕೊಳ್ಳಿ

ತಲೆಗೆ ಕಟ್ಟುವ ಟಾರ್ಚ್ ಒಂದು, ಕೈಟಾರ್ಚ್ ಒಂದು. ತಲೆಯ ಟಾರ್ಚ್‌ನಲ್ಲಿ ಕೆಂಪು ಬೆಳಕು ಇರುವುದನ್ನೇ ಕೊಳ್ಳಿ. ಇಲ್ಲದಿದ್ದರೆ ಗಾಜಿಗೆ ಕೆಂಪು ಪಾರದರ್ಶಕ ಹಾಳೆ ಅಂಟಿಸಿ. ಕಣಕಾಲು ಮುಚ್ಚುವ ಬೂಟು, ದಪ್ಪ ಪ್ಯಾಂಟು, ಮೊಣಕಾಲೂರಲು ಹಳೆಯ ಗೋಣಿಚೀಲದ ತುಂಡು, ನೆಲ ತಟ್ಟಲು ಒಂದು ಕೋಲು, ಸಣ್ಣ ಅಳತೆಪಟ್ಟಿ, ಪುಸ್ತಕ, ಪೆನ್ಸಿಲ್. ತೇವದಲ್ಲಿ ಪೆನ್ನು ಕೈಕೊಡುತ್ತದೆ.

ಕ್ಯಾಮೆರಾ ಇರುವವರಿಗೆ 90ರಿಂದ 105 ಮಿ.ಮೀ. ಮ್ಯಾಕ್ರೋ ಲೆನ್ಸ್, ಅಂದರೆ ತೀರ ಹತ್ತಿರದ ಚಿತ್ರಕ್ಕಾಗಿ ಇರುವ ಲೆನ್ಸ್, ಸಾಕು. ಅದಕ್ಕಿಂತ ಮುಖ್ಯವಾದದ್ದು ಫ್ಲ್ಯಾಶ್ ಮತ್ತು ಅದರ ಮುಂದೆ ಬೆಳಕು ಹರಡುವ ಡಿಫ್ಯೂಸರ್. ಟಿ.ವಿ., ಮಿಕ್ಸಿ ಡಬ್ಬಿಯೊಳಗೆ ಸುತ್ತಿ ಬರುವ ತೆಳು ಬಿಳಿ ಫೋಮ್ ಹಾಳೆಯನ್ನು ಎರಡು ಪದರ ಮಡಿಸಿ, ಲೆನ್ಸಿನ ತುದಿಯವರೆಗೆ ಚಾಚುವಂತೆ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿದರೆ ಡಿಫ್ಯೂಸರ್ ಆಯಿತು. ಫೋನ್ ಮಾತ್ರ ಇರುವವರು ಹಿಂಜರಿಯಬೇಡಿ. ಜೊತೆಗೊಬ್ಬರು ಟಾರ್ಚ್‌ಗೆ ಬಟರ್ ಪೇಪರ್ ಸುತ್ತಿ ಪಕ್ಕದಿಂದ ಬೆಳಕು ಹಿಡಿದರೆ ಒಳ್ಳೆಯ ಚಿತ್ರವೇ ಬರುತ್ತದೆ.

ಚಿಮಟ, ಡಬ್ಬಿ, ಬಲೆ ಮನೆಯಲ್ಲೇ ಇರಲಿ.

## ಹಂತ 3: ಹೇಳಿ ಹೋಗಿ, ನೋಡಿ ಕಾಲಿಡಿ

ಕೋಟೆ ಮತ್ತು ಚಂದ್ರವಳ್ಳಿಯಲ್ಲಿ ಸಂಜೆಯ ಮೇಲೆ ಇರಲು ಬಿಡುವುದಿಲ್ಲ. ಅಲ್ಲಿ ಹಗಲು ಕೆಲಸ ಮಾತ್ರ: ನೆರಳಿನ ಸಂದುಗಳಲ್ಲಿ ಗುಂಪಾಗಿ ಮಲಗಿದವನ್ನು ನೋಡುವುದು. ಜೋಗಿಮಟ್ಟಿ ಅರಣ್ಯ ಪ್ರದೇಶ. ಅರಣ್ಯ ಇಲಾಖೆಯ ಅನುಮತಿ ಪಡೆದೇ ಹೋಗಿ. ಅಲ್ಲಿ ಕರಡಿ, ಚಿರತೆ ಎರಡೂ ಇವೆ. ಮುಸ್ಸಂಜೆಗೆ ಮುಂಚೆ ಕೆಳಗಿಳಿಯಬೇಕು.

ಹಾಗಾದರೆ ರಾತ್ರಿ ಎಲ್ಲಿ? ಪರಿಚಯದವರ ತೋಟ, ಊರ ಪಕ್ಕದ ಬದು, ನಿಮ್ಮದೇ ಹಿತ್ತಲು. ತೋಟಕ್ಕೆ ಹೋಗುವ ಮುಂಚೆ ಯಜಮಾನರಿಗೂ ಪಕ್ಕದ ತೋಟದವರಿಗೂ ಹೇಳಿಬಿಡಿ. ಅಡಿಕೆ ಕೊಯ್ಲಿನ ದಿನಗಳಲ್ಲಿ ನಡುರಾತ್ರಿ ತೋಟದಲ್ಲಿ ಟಾರ್ಚ್ ಮಿನುಗಿದರೆ ಕಳ್ಳರೆಂದೇ ಓಡಿಬರುತ್ತಾರೆ, ಅದು ಅವರ ತಪ್ಪಲ್ಲ. "ಯಜಮಾನ್ರೇ, ಎಂಟರಿಂದ ಹತ್ತರ ತನಕ ಹುಳ ನೋಡ್ತಾ ಇರ್ತೀವಿ, ಮೂವರೇ ಇರೋದು" ಎಂದು ಒಂದು ಮಾತು ಸಾಕು.

ಹಾರ್ವೆಸ್ಟ್‌ಮನ್‌ನಿಂದ ನಿಮಗೆ ಅಪಾಯವಿಲ್ಲ. ಅದಕ್ಕೆ ವಿಷದ ಗ್ರಂಥಿಯೇ ಇಲ್ಲ. "ಅತಿ ವಿಷಕಾರಿ, ಹಲ್ಲು ಸಣ್ಣದಾದ್ದರಿಂದ ಕಚ್ಚಲಾರದು" ಎಂದು ಹರಿದಾಡುವ ಮಾತು ಶುದ್ಧ ಸುಳ್ಳು. ಅಪಾಯವಿರುವುದು ಅದರ ನೆರೆಹೊರೆಯಿಂದ. ಅದೇ ತಂಪಾದ ಸಂದಿನಲ್ಲಿ ಚೇಳು ಇರುತ್ತದೆ, ಗರಗಸ ಮಂಡಲ ಇರುತ್ತದೆ. ತೋಟದ ಸೋಗೆಯ ಕೆಳಗೆ ಕೊಳಕುಮಂಡಲ ಇರಬಹುದು. ಬಂಡೆಯ ಚಾಚಿನಲ್ಲಿ ಹೆಜ್ಜೇನು ಕಟ್ಟಿದ್ದರೆ ಆ ಜಾಗವನ್ನೇ ಬಿಟ್ಟುಬಿಡಿ. ಟಾರ್ಚ್ ಬೆಳಕು ಮೇಲಕ್ಕೆ ಹಾಯಿಸಬೇಡಿ.

ನೀಲಿ-ನೇರಳೆ ಬೆಳಕಿನ, ಅಂದರೆ ಯುವಿ ಟಾರ್ಚ್ ಒಂದು ಇದ್ದರೆ ಒಳ್ಳೆಯದು. ಆ ಬೆಳಕಿಗೆ ಚೇಳು ಹಸಿರು-ನೀಲಿಯಾಗಿ ಹೊಳೆಯುತ್ತದೆ. ಮೊಣಕಾಲೂರುವ ಮೊದಲು, ಕೈಯೂರುವ ಮೊದಲು ಒಮ್ಮೆ ಅದನ್ನು ಹಾಯಿಸಿ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ನಾಟಿ ಔಷಧಿ ಹುಡುಕುವುದು ಯಾವುದೂ ಬೇಡ. ಕಚ್ಚಿದ ಅಂಗ ಅಲುಗದಂತೆ ಇಟ್ಟುಕೊಂಡು ನೇರ ಆಸ್ಪತ್ರೆಗೆ. ಒಬ್ಬರೇ ಹೋಗಬೇಡಿ ಎನ್ನುವುದು ಇದಕ್ಕೇ.

## ಹಂತ 4: ಹುಡುಕಿ

ಕತ್ತಲಾಗಿ ಒಂದು ಗಂಟೆಯ ನಂತರ ಶುರುಮಾಡಿ. ತೋಳಜೇಡಗಳ ಕಣ್ಣು ಟಾರ್ಚ್ ಬೆಳಕಿಗೆ ಚುಕ್ಕಿಯಂತೆ ಮಿನುಗುತ್ತದೆ. ಅದೇ ಮಿನುಗನ್ನು ಇಲ್ಲಿ ಕಾಯುತ್ತ ಕೂತರೆ ರಾತ್ರಿ ಕಳೆದೀತು. ಹಾರ್ವೆಸ್ಟ್‌ಮನ್ ಕಣ್ಣು ಹಾಗೆ ಹೊಳೆಯುವುದಿಲ್ಲ. ನೆರಳನ್ನು ಹುಡುಕಿ. ಟಾರ್ಚನ್ನು ಬಂಡೆಗೋ ಮರದ ಕಾಂಡಕ್ಕೋ ಸವರುವಂತೆ ಓರೆಯಾಗಿ ಹಿಡಿದರೆ ಎಳೆಗಾಲುಗಳ ನೆರಳು ಉದ್ದಕ್ಕೆ ಬೀಳುತ್ತದೆ. ಪ್ರಾಣಿಗಿಂತ ಮೊದಲು ಆ ಗೆರೆಗಳೇ ಕಣ್ಣಿಗೆ ಬೀಳುತ್ತವೆ.

ಕಾಂಡದ ಮೇಲೆ ನೆಲದಿಂದ ಎದೆಮಟ್ಟದವರೆಗೆ, ಎಲೆಯ ಮೇಲ್ಮೈ, ಕೊಳೆಯುತ್ತಿರುವ ಹಣ್ಣು, ಅಣಬೆ, ಸತ್ತ ಹುಳ, ಇವುಗಳ ಸುತ್ತ ನೋಡಿ. ಜೇಡ ತನ್ನ ಬೇಟೆಯನ್ನು ಕರಗಿಸಿ ಹೀರುತ್ತದೆ. ಇದು ಚೂರು ಚೂರಾಗಿ ಕಿತ್ತು ತಿನ್ನುತ್ತದೆ. ಹಾಗಾಗಿ ಬೇಟೆಯಿಲ್ಲದೆಯೂ, ಸತ್ತದ್ದನ್ನೋ ಅಣಬೆಯನ್ನೋ ತಿಂದುಕೊಂಡಿರಬಲ್ಲದು.

ಗಿಡ್ಡ ಕಾಲಿನ ಬಗೆಯೂ ಇದೆ. ಮೈ ಗಟ್ಟಿ, ಬಾಯಿಯ ಪಕ್ಕದ ಕೈಗಳಲ್ಲಿ ಮುಳ್ಳು. ಇದು ಕಲ್ಲಿನ ಕೆಳಗೆ, ಕೊಳೆತ ಮರದ ಕೆಳಗೆ ಇರುತ್ತದೆ, ಕಲ್ಲು ಎತ್ತಿದೊಡನೆ ಸತ್ತಂತೆ ಅಲುಗದೆ ಕೂರುವುದೂ ಉಂಟು. ಕಲ್ಲು ಎತ್ತುವಾಗ ನಿಮಗೆ ದೂರವಿರುವ ಅಂಚನ್ನು ಕೋಲಿನಿಂದ ಮೀಟಿ ನಿಮ್ಮ ಕಡೆಗೆ ವಾಲಿಸಿ. ಒಳಗೆ ಹಾವಿದ್ದರೆ ಅದಕ್ಕೆ ಆಚೆ ಹೋಗಲು ದಾರಿ ಸಿಗುತ್ತದೆ, ಕಲ್ಲು ನಿಮಗೆ ಅಡ್ಡವಿರುತ್ತದೆ. ನೋಡಿದ ಮೇಲೆ ಕಲ್ಲನ್ನು ಅದೇ ಮಗ್ಗುಲಿಗೆ, ಅದೇ ಗುಂಡಿಯಲ್ಲಿ ಕೂರಿಸಿ. ಅಡಿಯ ತೇವ ಆರಿದರೆ ಆ ಮನೆ ಹಾಳಾದಂತೆಯೇ. ಕೋಟೆ ಮತ್ತು ಚಂದ್ರವಳ್ಳಿಯಲ್ಲಿ ಒಂದು ಕಲ್ಲನ್ನೂ ಕದಲಿಸಬಾರದು.

## ಹಂತ 5: ಇದೇ ಹೌದೇ ಎಂದು ಖಚಿತ ಮಾಡಿಕೊಳ್ಳಿ

ಹೆಚ್ಚಿನವರು ಎಡವುವುದು ಇಲ್ಲಿ. ಈ ಪ್ರಶ್ನೆಗಳನ್ನು ಒಂದಾದ ಮೇಲೊಂದು ಕೇಳಿಕೊಳ್ಳಿ.

ಮೈ ಎಷ್ಟು ತುಂಡು? ಜೇಡಕ್ಕೆ ತಲೆ-ಎದೆಯ ಭಾಗ ಒಂದು, ಹೊಟ್ಟೆ ಒಂದು, ನಡುವೆ ಸಣ್ಣ ಸೊಂಟ. ಹಾರ್ವೆಸ್ಟ್‌ಮನ್‌ಗೆ ಸೊಂಟವೇ ಇಲ್ಲ. ಮೈ ಒಂದೇ ಮುದ್ದೆ, ಉದ್ದಿನ ಕಾಳಿಗೆ ಎಂಟು ಕೂದಲು ಚುಚ್ಚಿದಂತೆ. ಇದೊಂದು ಗುರುತು ಖಚಿತವಾದರೆ ಅರ್ಧ ಕೆಲಸ ಮುಗಿಯಿತು.

ಕಣ್ಣು ಎಲ್ಲಿದೆ? ಮೈಯ ಮುಂಭಾಗದ ಮೇಲೆ, ನಡುವಿನಲ್ಲಿ ಒಂದು ಸಣ್ಣ ದಿಬ್ಬ. ಆ ದಿಬ್ಬದ ಎಡಕ್ಕೊಂದು ಬಲಕ್ಕೊಂದು ಕಪ್ಪು ಕಣ್ಣು. ಒಟ್ಟು ಎರಡೇ. ಹೆಚ್ಚಿನ ಜೇಡಗಳಿಗೆ ಎಂಟು. ಈ ಕಣ್ಣಿನ ದಿಬ್ಬವನ್ನು ನೆನಪಿಡಿ, ಫೋಕಸ್ ಮಾಡುವಾಗ ಇದೇ ಬೇಕಾಗುತ್ತದೆ.

ಬಲೆ ಇದೆಯೇ? ಇದಕ್ಕೆ ನೂಲು ತೆಗೆಯುವ ಗ್ರಂಥಿಯಿಲ್ಲ. ಬಲೆಯಲ್ಲಿ ನೇತಾಡುತ್ತಿದ್ದರೆ, ಮುಟ್ಟಿದಾಗ ಗಿರಗಿರ ಸುತ್ತುತ್ತ ನಡುಗಿದರೆ, ಅದು ಮನೆಮೂಲೆಯ ಉದ್ದಕಾಲಿನ ಜೇಡ. ಹಾರ್ವೆಸ್ಟ್‌ಮನ್ ಬೆದರಿದಾಗ ಕಾಲೂರಿ ನಿಂತಲ್ಲೇ ಮೈಯನ್ನು ಮೇಲೆ ಕೆಳಗೆ ಕುಲುಕುತ್ತದೆ.

ಯಾವ ಕಾಲು ಉದ್ದ? ಎರಡನೇ ಜೋಡಿ. ಅದರಿಂದ ನಡೆಯುವುದಕ್ಕಿಂತ ತಡಕಾಡುವುದೇ ಹೆಚ್ಚು. ಕುರುಡರ ಕೈಗೋಲಿನಂತೆ ಮುಂದೆ ಮುಂದೆ ಚಾಚಿ ನೆಲ, ಗಾಳಿ, ಆಹಾರ ಎಲ್ಲವನ್ನೂ ಆ ಕಾಲುಗಳಿಂದಲೇ ಅರಿಯುತ್ತದೆ.

ಗುಹೆಯ ಗೋಡೆಯಲ್ಲಿ ಇನ್ನೊಂದು ಗೊಂದಲ. ಚಪ್ಪಟೆ ಮೈ, ಮುಂದೆ ಮುಳ್ಳಿನ ದೊಡ್ಡ ಕೈಗಳು, ಚಾಟಿಯಂಥ ಮೊದಲ ಜೋಡಿ ಕಾಲು ಇದ್ದರೆ ಅದು ಚಾಟಿಜೇಡ. ನೋಡಲು ಭಯ ಹುಟ್ಟಿಸುತ್ತದೆ, ಅದಕ್ಕೂ ವಿಷವಿಲ್ಲ. ಬಿಟ್ಟು ಮುಂದೆ ಹೋಗಿ.

ಬೆನ್ನಿನ ನಡುವೆ ನೆಟ್ಟಗೆ ನಿಂತ ಒಂದು ಮುಳ್ಳು ಕಂಡರೆ ಅದನ್ನು ಗುರುತು ಹಾಕಿಕೊಳ್ಳಿ. ದಕ್ಷಿಣ ಭಾರತದಲ್ಲಿ ಸಿಗುವ ಉದ್ದಗಾಲಿನ ಬಗೆಗಳಲ್ಲಿ ಗಾಗ್ರೆಲ್ಲಾ ಗುಂಪಿನ ಹಲವಕ್ಕೆ ಹೀಗಿರುತ್ತದೆ, ಮತ್ತು ಮೇಲಿನಿಂದ ತೆಗೆದ ಚಿತ್ರದಲ್ಲಿ ಅದು ಕಾಣುವುದೇ ಇಲ್ಲ.

## ಹಂತ 6: ಕ್ಯಾಮೆರಾ ಇಲ್ಲದೆ ಹತ್ತು ನಿಮಿಷ

ಪ್ರಾಣಿ ಸಿಕ್ಕೊಡನೆ ಬಿಳಿ ಬೆಳಕು ಆರಿಸಿ, ಕೆಂಪು ಬೆಳಕು ಹಚ್ಚಿ, ಒಂದು ಮೀಟರ್ ಹಿಂದೆ ಕೂರಿ. ಈ ಹಂತವನ್ನು ಬಿಟ್ಟವರಿಗೆ ಮುಂದಿನದು ಒಲಿಯುವುದಿಲ್ಲ. ಅದು ಯಾವ ಕಡೆ ಹೋಗುತ್ತಿದೆ, ಎಷ್ಟು ಹೊತ್ತಿಗೊಮ್ಮೆ ನಿಲ್ಲುತ್ತದೆ, ನಿಂತಾಗ ಏನು ಮಾಡುತ್ತದೆ ಎಂದು ಕಂಡುಕೊಳ್ಳಲು ಇದು ಸಮಯ.

ಮೊದಲು ಕಾಲು ಎಣಿಸಿ. ಎಂಟಿಲ್ಲದಿದ್ದರೆ ಯಾವುದು ಇಲ್ಲ ಎಂದು ಬರೆದುಕೊಳ್ಳಿ. ಆಮೇಲೆ ಕಾಲು ಸ್ವಚ್ಛ ಮಾಡಿಕೊಳ್ಳುವುದನ್ನು ಕಾಯಿರಿ: ಒಂದು ಕಾಲನ್ನು ಬಾಗಿಸಿ ಬಾಯಿಯ ಇಕ್ಕಳದಲ್ಲಿ ಹಿಡಿದು, ಬುಡದಿಂದ ತುದಿಯವರೆಗೆ ನಿಧಾನವಾಗಿ ಎಳೆಯುತ್ತದೆ. ಆ ಹೊತ್ತಿನಲ್ಲಿ ಪ್ರಾಣಿ ನಿಶ್ಚಿಂತವಾಗಿರುತ್ತದೆ, ಮೈ ಅಲುಗುವುದಿಲ್ಲ. ಚಿತ್ರಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ಇಲ್ಲ. ಕಾಲಿನ ತುದಿಯನ್ನೂ ನೋಡಿ. ಅದು ಹತ್ತಾರು ಸಣ್ಣ ಗಂಟುಗಳಾಗಿರುವುದರಿಂದ ಹುಲ್ಲಿನ ಕಡ್ಡಿಗೆ ಬಳ್ಳಿಯ ಕುಡಿಯಂತೆ ಸುತ್ತಿಕೊಳ್ಳುತ್ತದೆ.

ಮೈಗೋ ಕಾಲಿಗೋ ಕೆಂಪು ಚುಕ್ಕಿ ಅಂಟಿದ್ದರೆ ಅದು ಬಣ್ಣವಲ್ಲ, ರಕ್ತ ಹೀರುತ್ತಿರುವ ನುಸಿಯ ಮರಿ. ಎಷ್ಟಿವೆ, ಎಲ್ಲಿವೆ ಎಂದು ದಾಖಲಿಸಿ. ಕೀಳಲು ಹೋಗಬೇಡಿ.

ತಲೆಕೆಳಗಾಗಿ ನೇತು ಬಿದ್ದು ಕಾಲುಗಳನ್ನು ಹಳೆಯ ಚರ್ಮದಿಂದ ಒಂದೊಂದಾಗಿ ಎಳೆದುಕೊಳ್ಳುತ್ತಿದ್ದರೆ ಪೊರೆ ಬಿಡುತ್ತಿದೆ ಎಂದರ್ಥ. ಆಗ ಫ್ಲ್ಯಾಶ್ ಬೇಡ, ಹತ್ತಿರ ಹೋಗುವುದೂ ಬೇಡ. ಮೈ ಆಗ ಮೆತ್ತಗಿರುತ್ತದೆ, ಒಂದು ಕಾಲು ಸಿಕ್ಕಿಕೊಂಡರೂ ಪ್ರಾಣಕ್ಕೆ ಸಂಚಕಾರ.

ಹಗಲಲ್ಲಿ ಬಂಡೆಸಂದಿನಲ್ಲಿ ಗುಂಪು ಕಂಡರೆ ನಿಯಮ ಇನ್ನೂ ಬಿಗಿ. ಕಾಲಿಗೆ ಕಾಲು ತಾಗಿಸಿಕೊಂಡು ಕೂತಿರುವುದರಿಂದ ಒಂದು ಬೆದರಿದರೆ ಇಡೀ ಗುಂಪು ಕುಲುಕತೊಡಗುತ್ತದೆ, ಮುಂದುವರಿದರೆ ಎಲ್ಲವೂ ಬಿಸಿಲಿಗೆ ಚದುರುತ್ತವೆ. ನಮ್ಮ ಒಣ ಊರಿನಲ್ಲಿ ಆ ಚದುರುವಿಕೆ ಸಾವಿಗೆ ಸಮ. ಎರಡು ಮೀಟರ್ ದೂರದಿಂದಲೇ ಕೆಲಸ ಮುಗಿಸಿ.

## ಹಂತ 7: ಚಿತ್ರ ತೆಗೆಯಿರಿ

ಮೊದಲು ಜಾಗದ ಚಿತ್ರ. ಬಂಡೆ ಎಂಥದ್ದು, ಎಷ್ಟು ಎತ್ತರದಲ್ಲಿದೆ, ಸುತ್ತ ಏನಿದೆ. ಫೋನಿನಲ್ಲಿ ಒಂದು ಸಾಕು.

ಎರಡನೆಯದು ಎಂಟೂ ಕಾಲಿನ ಪೂರ್ತಿ ಚಿತ್ರ. ಗೋಡೆಯ ಮೇಲೆ ಕೂತ ಪ್ರಾಣಿಯ ಕಾಲುಗಳು ಹೆಚ್ಚುಕಡಿಮೆ ಗೋಡೆಗೆ ಸಮಾನಾಂತರವಾಗಿ ಹರಡಿರುತ್ತವೆ. ಕ್ಯಾಮೆರಾದ ಹಿಂಬದಿಯನ್ನೂ ಗೋಡೆಗೆ ಸಮಾನಾಂತರವಾಗಿ ಹಿಡಿಯಿರಿ. ಸ್ವಲ್ಪ ಓರೆಯಾದರೂ ಅರ್ಧ ಕಾಲುಗಳು ಮಸುಕಾಗುತ್ತವೆ. ಎರಡನೇ ಜೋಡಿ ಕಾಲಿನ ತುದಿ ಚೌಕಟ್ಟಿನೊಳಗೆ ಇದೆಯೇ ಎಂದು ನೋಡಿ. ನಾಲ್ಕು ಬದಿಯಲ್ಲೂ ಜಾಗ ಬಿಟ್ಟಿದ್ದೇನೆ ಅನ್ನಿಸಿದ ಮೇಲೂ ಇನ್ನೊಂದು ಹೆಜ್ಜೆ ಹಿಂದೆ ಸರಿಯಿರಿ.

ಮೂರನೆಯದು ಪಕ್ಕದಿಂದ. ಕಣ್ಣಿನ ದಿಬ್ಬ, ಬೆನ್ನಿನ ಮುಳ್ಳು, ಮೈಯ ಉಬ್ಬು ಇಲ್ಲಿ ಮಾತ್ರ ಕಾಣುತ್ತವೆ. ಗುರುತು ಹಿಡಿಯುವವರಿಗೆ ಇದೇ ಬೇಕು, ಯಾರೂ ಕಳಿಸದಿರುವುದೂ ಇದೇ.

ನಾಲ್ಕನೆಯದು ಎದುರಿನಿಂದ, ಹತ್ತಿರದಿಂದ. ಇದರಲ್ಲಿ ಕಾಲು ಚೌಕಟ್ಟಿನಿಂದ ಹೊರಗುಳಿದರೂ ಅಡ್ಡಿಯಿಲ್ಲ, ಪೂರ್ತಿ ಚಿತ್ರ ಮೊದಲೇ ಸಿಕ್ಕಿದೆಯಲ್ಲ.

ಸೆಟ್ಟಿಂಗ್ ಹೀಗಿಟ್ಟು ಶುರುಮಾಡಿ: ಮ್ಯಾನುಯಲ್ ಮೋಡ್, ಷಟರ್ 1/160 ಅಥವಾ 1/200, ಅಪರ್ಚರ್ ಎಫ್ 11, ಐಎಸ್‌ಒ 200ರಿಂದ 400, ಫ್ಲ್ಯಾಶ್ ಶಕ್ತಿ ಎಂಟನೇ ಒಂದು ಭಾಗ. ಆಟೋಫೋಕಸ್ ಆಫ್ ಮಾಡಿ. ಅದು ಹೆಚ್ಚಿನ ಸಲ ಮುಂದೆ ಅಡ್ಡ ಬಂದ ಕಾಲನ್ನು ಹಿಡಿಯುತ್ತದೆ, ಮೈ ಮಸುಕಾಗಲು ಕಾರಣ ಅದೇ. ಲೆನ್ಸಿನ ಫೋಕಸನ್ನು ಒಂದು ಅಳತೆಗೆ ನಿಲ್ಲಿಸಿ, ಮೊಣಕೈ ಊರಿ, ನಿಮ್ಮ ಮೈಯನ್ನೇ ಅತಿ ಸಣ್ಣದಾಗಿ ಹಿಂದೆ ಮುಂದೆ ವಾಲಿಸುತ್ತ ಕಣ್ಣಿನ ದಿಬ್ಬ ಚೂಪಾದ ಕ್ಷಣ ಒತ್ತಿ. ಅಷ್ಟು ಹತ್ತಿರದಲ್ಲಿ ಸ್ಪಷ್ಟವಾಗಿ ಬರುವ ಆಳ ಒಂದೆರಡು ಮಿಲಿಮೀಟರ್ ಮಾತ್ರ. ಐದಾರು ಒತ್ತಿದರೆ ಒಂದು ಸರಿಯಾಗುತ್ತದೆ, ಅದು ಸಹಜ.

ಮೈ ಕಪ್ಪಾಗಿ, ಲೋಹದಂತೆ ಮಿರುಗುವ ಬಗೆಗಳಲ್ಲಿ ಬರಿ ಫ್ಲ್ಯಾಶ್ ಹೊಡೆದರೆ ಬಿಳಿ ಕಲೆ ಬಿದ್ದು ವಿವರ ಅಳಿಸಿಹೋಗುತ್ತದೆ. ಡಿಫ್ಯೂಸರ್ ಪ್ರಾಣಿಗೆ ಹತ್ತಿರವಾದಷ್ಟೂ ಬೆಳಕು ಮೆತ್ತಗಾಗುತ್ತದೆ, ಆದರೆ ಅದರ ಅಂಚು ಕಾಲಿಗೆ ತಾಗಬಾರದು. ಚಿತ್ರದ ಹಿನ್ನೆಲೆ ಪೂರ್ತಿ ಕಪ್ಪಾಗುತ್ತಿದ್ದರೆ ಹಿಂದೆ ಗೇಣಿನೊಳಗೆ ಎಲೆಯೋ ಕಾಂಡವೋ ಇರುವ ಕೋನ ಹುಡುಕಿ. ಕಪ್ಪು ಕಾಲು ಕಪ್ಪು ಹಿನ್ನೆಲೆಯಲ್ಲಿ ಕಾಣುವುದಿಲ್ಲ.

ಫೋನಿನವರಿಗೆ ಒಂದೇ ಮಾತು: ತಾನಾಗಿ ಬರುವ ಮ್ಯಾಕ್ರೋ ಮೋಡನ್ನು ಆಫ್ ಮಾಡಿ. ಹಲವು ಫೋನುಗಳಲ್ಲಿ ಅದು ಅಗಲ ನೋಟದ ಕ್ಯಾಮೆರಾಕ್ಕೆ ಬದಲಾಗಿ, ಮೂರ್ನಾಲ್ಕು ಸೆಂಟಿಮೀಟರ್ ಹತ್ತಿರ ಹೋಗಲು ಬೇಡುತ್ತದೆ. ಅಷ್ಟು ಹತ್ತಿರದಲ್ಲಿ ನಿಮ್ಮ ನೆರಳು, ನಿಮ್ಮ ಉಸಿರು ಎರಡೂ ಅದರ ಮೇಲೆ. ಮುಖ್ಯ ಕ್ಯಾಮೆರಾವನ್ನು ಎರಡು ಪಟ್ಟು ಝೂಮ್‌ಗೆ ಇಟ್ಟು ಒಂದು ಗೇಣು ದೂರದಿಂದ ತೆಗೆದು ಆಮೇಲೆ ಚಿತ್ರದ ಅಂಚನ್ನು ಕತ್ತರಿಸಿಕೊಳ್ಳಿ.

ಉಸಿರಿನ ಮಾತು ಬಂತು. ತಡಕಾಡುವ ಆ ಉದ್ದ ಕಾಲುಗಳಿಗೆ ಗಾಳಿಯ ಸಣ್ಣ ಅಲುಗಾಟವೂ ಗೊತ್ತಾಗುತ್ತದೆ. ಬಾಯಿ ಪಕ್ಕಕ್ಕೆ ತಿರುಗಿಸಿ, ಮೂಗಿನಿಂದ ಉಸಿರಾಡಿ. ಗಾಳಿ ಬೀಸಿ ಬರುವ ಕಡೆ ನಿಲ್ಲಬೇಡಿ.

ಹೊಟ್ಟೆಯ ಭಾಗದ ಚಿತ್ರ ಬೇಕೆನಿಸಿದರೆ ಎಲೆಯ ಅಂಚಿನಲ್ಲೋ ಕಡ್ಡಿಯ ಮೇಲೋ ನಡೆಯುವಾಗ ಕೆಳಗಿನಿಂದ ಹಿಡಿಯಿರಿ. ಬೆರಳಿನಿಂದ ಮಗುಚುವುದು, ಫ್ರಿಜ್‌ನಲ್ಲಿಟ್ಟು ಮರಗಟ್ಟಿಸುವುದು, ನೀರು ಸಿಂಪಡಿಸಿ ಹನಿಗಳ ಸಮೇತ ತೆಗೆಯುವುದು, ಇವನ್ನು ಮಾಡುವವರಿದ್ದಾರೆ. ಅಂಥ ಚಿತ್ರ ಎಷ್ಟೇ ಮೆರೆದರೂ ಅದನ್ನು ನಾನು ಒಳ್ಳೆಯ ಚಿತ್ರ ಎನ್ನಲಾರೆ.

## ಹಂತ 8: ಹಿಂದೆ ಸರಿಯಬೇಕಾದ ಸೂಚನೆಗಳು

ಎರಡನೇ ಜೋಡಿ ಕಾಲು ನಿಮ್ಮ ಕಡೆ ತಿರುಗಿ ಗಾಳಿಯಲ್ಲಿ ಆಡತೊಡಗಿದರೆ ಅದಕ್ಕೆ ನಿಮ್ಮ ಸುಳಿವು ಸಿಕ್ಕಿದೆ. ಅಲುಗದೆ ಇರಿ. ಮೈ ಕುಲುಕತೊಡಗಿದರೆ ಬೆಳಕು ಆರಿಸಿ ಒಂದು ಹೆಜ್ಜೆ ಹಿಂದೆ. ಕುಲುಕು ನಿಂತು ನಾಲ್ಕೈದು ನಿಮಿಷವಾದ ಮೇಲೆ ಮತ್ತೆ ನೋಡಬಹುದು.

ಮೈಯ ಮುಂಭಾಗದ ಪಕ್ಕದಲ್ಲಿ ಸಣ್ಣ ಹನಿ ಒಸರಿದರೆ, ಅಥವಾ ಕಟುವಾದ ವಾಸನೆ ಬಂದರೆ, ಅದು ತನ್ನ ಗ್ರಂಥಿಯಿಂದ ರಕ್ಷಣೆಯ ದ್ರವ ಬಿಟ್ಟಿದೆ. ಅಲ್ಲಿಗೆ ಆ ಪ್ರಾಣಿಯ ಚಿತ್ರ ಮುಗಿಯಿತು. ಕೈಗೆ ತಾಗಿದ್ದರೆ ಕಣ್ಣು ಮುಟ್ಟದೆ ತೊಳೆದುಕೊಳ್ಳಿ.

ಕಾಲು ಕಳಚಿತೋ, ಕೂಡಲೇ ಎಲ್ಲ ನಿಲ್ಲಿಸಿ. ಶತ್ರು ಹಿಡಿದಾಗ ಕಾಲನ್ನು ಬುಡದಲ್ಲೇ ಬಿಟ್ಟುಕೊಟ್ಟು ಓಡುವುದು ಇದರ ಉಪಾಯ. ಬಿದ್ದ ಕಾಲು ಸ್ವಲ್ಪ ಹೊತ್ತು ತಾನೇ ಮಿಡಿಯುತ್ತ ಶತ್ರುವಿನ ಗಮನ ಸೆಳೆಯುತ್ತದೆ. ಹಲ್ಲಿಯ ಬಾಲದಂತೆ ಮತ್ತೆ ಬೆಳೆಯುತ್ತದೆ ಎಂದುಕೊಳ್ಳಬೇಡಿ, ಹಾರ್ವೆಸ್ಟ್‌ಮನ್ ಕಾಲು ಮತ್ತೆ ಬೆಳೆಯುವುದಿಲ್ಲ. ಎರಡನೇ ಜೋಡಿ ಹೋದರೆ ದಾರಿ ತಡಕುವ ಸಾಧನವೇ ಹೋದಂತೆ.

## ಹಂತ 9: ಬರೆದಿಡಿ, ಸೇರಿಸಿ

ಅಲ್ಲೇ ಕೂತು ಬರೆಯಿರಿ: ದಿನಾಂಕ, ಗಂಟೆ, ಕೊನೆಯ ಮಳೆ ಯಾವಾಗ, ನೆಲವೋ ಬಂಡೆಯೋ ಕಾಂಡವೋ, ನೆಲದಿಂದ ಎತ್ತರ, ಒಂಟಿಯೋ ಗುಂಪೋ, ಕಾಲಿನ ಲೆಕ್ಕ, ಏನು ಮಾಡುತ್ತಿತ್ತು. ಮೈಯ ಉದ್ದಕ್ಕೆ ಅಳತೆಪಟ್ಟಿಯನ್ನು ಪ್ರಾಣಿಯ ಪಕ್ಕ ಒಡ್ಡಬೇಡಿ. ಅದು ಹೋದ ಮೇಲೆ ಅದೇ ಜಾಗದಲ್ಲಿಟ್ಟು, ಅದೇ ದೂರದಿಂದ ಇನ್ನೊಂದು ಚಿತ್ರ ತೆಗೆದರೆ ಲೆಕ್ಕ ಸಿಗುತ್ತದೆ.

ಜನರು ಕಂಡ ಜೀವಿಗಳನ್ನು ದಾಖಲಿಸುವ ಜಾಲತಾಣಗಳಾದ ಐನ್ಯಾಚುರಲಿಸ್ಟ್‌ನಲ್ಲೋ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಲ್ಲೋ ಹಾಕುವಾಗ ನಾಲ್ಕೂ ಚಿತ್ರಗಳನ್ನು ಒಂದೇ ದಾಖಲೆಯಲ್ಲಿ ಸೇರಿಸಿ. ಹೆಸರಿನ ಜಾಗದಲ್ಲಿ ಹಾರ್ವೆಸ್ಟ್‌ಮನ್‌ಗಳ ಇಡೀ ಗುಂಪಿನ ಹೆಸರಾದ ಓಪಿಲಿಯೋನಿಸ್ ಎಂದಷ್ಟೇ ಆರಿಸಿ. ಯಂತ್ರ ಸೂಚಿಸುವ ಮೊದಲ ಜಾತಿಯ ಹೆಸರನ್ನು ಒತ್ತಬೇಡಿ. ಹಲವು ಬಗೆಗಳಲ್ಲಿ ಗಂಡಿನ ಜನನಾಂಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡದೆ ಜಾತಿ ಹೇಳಲಾಗದು. ಫೋಟೋದಿಂದ ಕುಟುಂಬದವರೆಗೆ, ಅದೃಷ್ಟವಿದ್ದರೆ ಅದರೊಳಗಿನ ಕುಲದವರೆಗೆ (ಜೀನಸ್) ಹೋಗಬಹುದು. ಅಷ್ಟಕ್ಕೇ ನಿಂತರೂ ದಾಖಲೆ ಉಪಯುಕ್ತವೇ. ಬಯಲುಸೀಮೆಯಿಂದ ಬರುವ ದಾಖಲೆಗಳು ಕಡಿಮೆ. ಹಗಲಲ್ಲಿ ಗುಂಪು ಕೂರುವ ಬಂಡೆಸಂದಾಗಿದ್ದರೆ ನಕ್ಷೆಯಲ್ಲಿ ನಿಖರ ಜಾಗವನ್ನು ಮರೆಮಾಡಿ, ತಾಲ್ಲೂಕಿನ ಹೆಸರು ಸಾಕು.

ಒಂದೇ ಜಾಗಕ್ಕೆ ಬೇರೆ ಬೇರೆ ಮಳೆ ನಕ್ಷತ್ರಗಳಲ್ಲಿ ಹೋಗಿ ಅದೇ ಪಟ್ಟಿ ತುಂಬಿಸಿ. ಚಿತ್ತೆ ಮಳೆಯಲ್ಲಿ ಕಂಡ ಗುಂಪು ಸಂಕ್ರಾಂತಿಯ ಹೊತ್ತಿಗೆ ಇರದಿದ್ದರೆ ಅದನ್ನೂ ಬರೆಯಿರಿ. ಹುಡುಕಿದ ಗಂಟೆ ಮತ್ತು ಹುಡುಕಿದ ಬಂಡೆಗಳ ವಿವರ ಜೊತೆಗಿದ್ದರೆ "ಏನೂ ಸಿಗಲಿಲ್ಲ" ಎಂಬ ಸಾಲಿಗೂ ಬೆಲೆಯಿದೆ.